ಎಳ್ಳಮಾಸಿಯ ಹೊಲದಲ್ಲಿ ಅರವತ್ತೊಂದು ಕರಕೋಚ

ಬೀದರದಿಂದ ಉದಗೀರಕ್ಕೆ ಹೊರಡುವ ಬೆಳಗಿನ ರೈಲು ನಲವತ್ತು ನಿಮಿಷ ತಡವಾಗಿ ಬಿಟ್ಟಿತು. ಟಿಕೆಟ್ಟಿಗೆ ತಲಾ ಮೂವತ್ತೈದು ರೂಪಾಯಿ. ಡಿಸೆಂಬರ್ ಕೊನೆಯ ಚಳಿ. ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಂಡು ಮೇಲೂ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ನನ್ನ ಗೆಳತಿ ನಿರ್ಮಲಾ ಶಾಲನ್ನು ತಲೆಗೆ ಸುತ್ತಿಕೊಂಡು, "ಮಂದಿ ಹಕ್ಕಿ ನೋಡಾಕ ದಾಂಡೇಲಿಗೆ ಹೋಗ್ತಾರ, ಕಬಿನಿಗೆ ಹೋಗ್ತಾರ. ನೀ ನನ್ನ ಮರಾಠವಾಡಾಕ ಎಳಕೊಂಡು ಹೊಂಟೀಯಲ್ಲ, ಅಲ್ಲಿ ಗಿಡಾನರ ಅದಾವೋ ಇಲ್ಲೋ" ಎಂದಳು.

ಗಿಡ ಕಡಿಮೆ ಎಂಬುದು ನನಗೂ ಗೊತ್ತಿತ್ತು. ನಾನು ಹೊರಟದ್ದು ಗಿಡದ ಹಕ್ಕಿಗಲ್ಲ, ಬಯಲಿನ ಹಕ್ಕಿಗೆ. ಕರಕೋಚ ಎಂದು ಆ ಕಡೆಯವರು ಕರೆಯುವ ಒಂದು ಬೂದುಬಣ್ಣದ ಕ್ರೌಂಚ, ಸೊಂಟದೆತ್ತರದ ಹಕ್ಕಿ, ಹಿಮಾಲಯ ದಾಟಿ ಬಂದು ಕಡಲೆ ಹೊಲಗಳಲ್ಲಿ ಚಳಿಗಾಲ ಕಳೆಯುತ್ತದೆ. ಅದನ್ನು ಚಿತ್ರದಲ್ಲಿ ಬಿಟ್ಟರೆ ನಾನು ಕಂಡಿರಲಿಲ್ಲ. ನಾನು ಲಕ್ಷ್ಮೇಶ್ವರದ ಕಡೆಯ ನಿವೃತ್ತ ವಿಜ್ಞಾನ ಶಿಕ್ಷಕಿ. ನಮ್ಮ ಸೀಮೆಯ ಕೆರೆಗೆ ಬರುವ ಹೆಬ್ಬಾತುಗಳನ್ನು ಪ್ರತಿ ಚಳಿಗಾಲ ಎಣಿಸುತ್ತ ಬಂದವಳು. ಹಕ್ಕಿಯ ಹೆಸರು ತಪ್ಪೀತು, ನನ್ನ ಎಣಿಕೆ ತಪ್ಪುವುದಿಲ್ಲ ಎಂಬ ಜಂಬವೂ ನನಗಿದೆ. ನಿರ್ಮಲಾ ಅದೇ ಶಾಲೆಯಲ್ಲಿ ಹಿಂದಿ ಕಲಿಸಿದವಳು. ಹಕ್ಕಿಗೂ ಅವಳಿಗೂ ಏನೇನೂ ಸಂಬಂಧವಿಲ್ಲ. ಅವಳು ಬಂದದ್ದು ನಿಲಂಗಾದಲ್ಲಿರುವ ಬೀಗರ ಮನೆಗೆ, ಅದೂ ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ಹೊಲದೂಟಕ್ಕೆ. ಪ್ರವಾಸದ ದಿನ ಗೊತ್ತು ಮಾಡಿದವಳು ಅವಳೇ.

ಉದಗೀರ ನಿಲ್ದಾಣದ ಹೊರಗೆ ಇಸ್ಮಾಯಿಲ್ ತನ್ನ ಬಿಳಿ ಕಾರಿಗೆ ಒರಗಿ ಕಾಯುತ್ತಿದ್ದ. ಬೀಗರೇ ಗೊತ್ತು ಮಾಡಿ ಕೊಟ್ಟ ಡ್ರೈವರು. ದಿನಕ್ಕೆ ಎರಡೂವರೆ ಸಾವಿರ, ಡೀಸೆಲ್ ಸೇರಿ. ವಯಸ್ಸು ಐವತ್ತರ ಮೇಲೆ, ಮನೆಮಾತು ದಖ್ಖನಿ, ನಮ್ಮೊಂದಿಗೆ ಕನ್ನಡ, ಫೋನಿನಲ್ಲಿ ಮರಾಠಿ. ನನ್ನ ದೂರದರ್ಶಕದ ಮೂರು ಕಾಲಿನ ಸ್ಟ್ಯಾಂಡನ್ನು ಡಿಕ್ಕಿಯಲ್ಲಿ ಇಡುವಾಗ, "ಇದರಿಂದ ಚಂದ್ರ ಕಾಣಿಸ್ತದೇನ್ರೀ ಅಮ್ಮಾ?" ಎಂದು ಕೇಳಿದ. ಕಾಣಿಸುತ್ತದೆ, ಆದರೆ ನಾಳೆ ಅಮಾವಾಸ್ಯೆ ಎಂದೆ. ಅವನು ನಕ್ಕು ಗಾಡಿ ಬಿಟ್ಟ.

ಮೊದಲು ಕೋಟೆಗೆ ಹೋದೆವು. ಕಂದಕದ ಕಲ್ಲುಗೋಡೆಯ ಉದ್ದಕ್ಕೂ ಕವಲುತೋಕೆಗಳು ಹಾರುತ್ತಿದ್ದವು. ಕಂದಕದ ಬೇವಿನ ಮರಗಳ ಕೆಳಗೆ ಒಂಬತ್ತು ನವಿಲು, ಬುರುಜಿನ ತೂತಿನಲ್ಲಿ ಜೋಡಿ ಹಾಲಕ್ಕಿ, ಸಣ್ಣ ಜಾತಿಯ ಗೂಬೆ. ಒಂದು ಗಂಟೆ ನಿಂತೆವು. ಹೊರಗೆ ಹತ್ತು ರೂಪಾಯಿಯ ಚಹಾ ಕುಡಿದು ದೇವಣಿಯ ದಾರಿ ಹಿಡಿದೆವು. ದಾರಿಯ ಎರಡೂ ಬದಿ ಕಪ್ಪುಮಣ್ಣಿನ ಹೊಲ, ನಡುನಡುವೆ ಜಾಲಿಮುಳ್ಳಿನ ಕುರುಚಲು. ಆ ಕುರುಚಲೇ ಇಲ್ಲಿನ ಕಾಡು. ತೋರಿಸಿದಾಗ ನಿರ್ಮಲಾ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಕುರುಚಲಿನಲ್ಲೇ ಅರ್ಧ ಗಂಟೆಯಲ್ಲಿ ಹದಿನೇಳು ಜಾತಿಯ ಹಕ್ಕಿ ಸಿಕ್ಕವು, ಆಮೇಲೆ ಅವಳು ನಗಲಿಲ್ಲ.

ದೇವಣಿಯ ಹತ್ತಿರ ಹೊಲದ ಬದುವಿನಲ್ಲಿ ದೂರದರ್ಶಕ ಹೂಡಿ ಒಂದು ಸೆಳೆವವನ್ನು ನೋಡುತ್ತಿದ್ದೆ. ಸೆಳೆವ ಎಂದರೆ ಬೆಳೆಯ ಮೇಲೆ ತೇಲಿಕೊಂಡು ಹೋಗುವ ತೆಳು ಮೈಯ ಹದ್ದು. ಜೋಡಿ ಎತ್ತು ಹೊಡೆದುಕೊಂಡು ಬಂದ ರೈತನೊಬ್ಬ ನಿಂತುಬಿಟ್ಟ. ಬಿಳಿಯ ಮೈಮೇಲೆ ಕಪ್ಪು ಮಚ್ಚೆಗಳ ಅಸಲು ದೇವಣಿ ಎತ್ತುಗಳು, ಹೊಳೆಯುವ ಕೊಂಬು. ನಾನು ಎತ್ತು ನೋಡಿದರೆ ಅವನು ನನ್ನ ಸ್ಟ್ಯಾಂಡ್ ನೋಡುತ್ತಿದ್ದ.

"ರೋಡ್ ಯಾ ಕಡಿಲಿಂದ ಹೋಗ್ತದ್ರೀ ಮೇಡಂ?" ಎಂದ.

"ಯಾವ ರೋಡು?"

"ಮತ್ತ ಮೋಜಣಿ ಮಾಡ್ಲಾಕತ್ತೀರಲ್ಲ. ನಂದು ಬಾವಿ ಅದಾ ಇಲ್ಲಿ, ಜರಾ ಬಗಲಿಗಿ ತಗೊಳ್ರಿ."

ಅಳತೆಯವಳಲ್ಲ, ಹಕ್ಕಿ ನೋಡುವವಳು ಎಂದರೆ ಅವನು ನಂಬಲಿಲ್ಲ. ಕಣ್ಣಿಟ್ಟು ನೋಡು ಎಂದೆ. ನೋಡಿದ, ಸೆಳೆವ ಕಂಡಿತು. "ಇಷ್ಟಕ್ಕ ಇಷ್ಟ ದೂರ ಬಂದೀರಿ?" ಎಂದು ಮರುಕಪಟ್ಟು ಎತ್ತು ಹೊಡೆದುಕೊಂಡು ಹೋದ. ಅಲ್ಲಿಂದ ಮುಂದೆ ಕಡಲೆ ಹೊಲವೊಂದರಲ್ಲಿ ಹದಿನಾಲ್ಕು ಚಿಗರಿ, ಅಂದರೆ ಕೃಷ್ಣಮೃಗ, ಸಿಕ್ಕವು. ಸುರುಳಿ ಕೋಡಿನ ಕರಿ ಗಂಡು ಒಂದೇ, ಉಳಿದವೆಲ್ಲ ಹೆಣ್ಣು, ಮರಿ. ಬಯಲ ನಾಡಿನಲ್ಲಿ ಕಾಡುಪ್ರಾಣಿ ಹೊಲದಲ್ಲೇ ಬದುಕಬೇಕು, ಹೊಲದವನ ಕೃಪೆಯಲ್ಲಿ.

ನಿಲಂಗಾ ಮುಟ್ಟಿದಾಗ ಸಂಜೆ ಐದು. ಬೀಗರ ಮನೆ ಧಾನ್ಯದ ಪೇಟೆಯ ಹಿಂದಿನ ಓಣಿಯಲ್ಲಿ. ಮುಂದೆ ಬೀಜ-ಗೊಬ್ಬರದ ಅಂಗಡಿ, ಹಿಂದೆ ಮನೆ. ಯಜಮಾನ ಬಸಲಿಂಗಪ್ಪ ನಿರ್ಮಲಾಳ ಅಳಿಯನ ಸೋದರಮಾವ. ಹಣೆಯ ತುಂಬ ವಿಭೂತಿ, ಮೆತ್ತನೆಯ ಮಾತು. "ಬರ್ರಿ ಬರ್ರಿ ಟೀಚರ್, ನಿಮ್ಮ ಕರಕೋಚ ನಮ್ಮ ಹೊಲಕ್ಕೇ ಬಂದಾವ. ಆಯಿ ಹದಿನೈದು ದಿನಾ ಆತು, ಊಟಾ ಸೈತ ಲಕ್ಷ್ಯ ಇಟ್ಟು ಮಾಡವಲ್ಲಳು" ಎಂದರು.

ಆಯಿ ಎಂದರೆ ಅವರ ತಾಯಿ ಗಂಗಾಬಾಯಿ. ಎಪ್ಪತ್ತೆಂಟರ ಮುದುಕಿ, ಬಿಳಿಯ ಸೀರೆ, ಕೊರಳಲ್ಲಿ ಇಷ್ಟಲಿಂಗದ ಕರಡಿಗೆ. ಮಾಳಿಗೆಯ ಮೇಲೆ ಕುಳಿತು ಜೋಳ ಒಣಹಾಕುತ್ತಿದ್ದರು. ನಾನು ಹಕ್ಕಿಯವಳು ಎಂದು ಗೊತ್ತಾದದ್ದೇ ತಡ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನಮ್ಮವರು ಇದ್ದಾಗ ವರ್ಷಾ ಬರ್ತಿದ್ವು ನೋಡವಾ. ಎಳ್ಳಮಾಸಿ ದಿನ ಹೊಲದಾಗ ಚರಗ ಚೆಲ್ಲಿ ಆದಮ್ಯಾಗ ಅವರು ಬ್ಯಾರೇ ಒಂದು ಪಟ್ಟಿ ಕಾಳು ಚೆಲ್ತಿದ್ರು, ಕರಕೋಚದ ಪಾಲು ಅಂತ. ಆಮ್ಯಾಲ ಸುತ್ತಾಮುತ್ತಾ ಕಬ್ಬು ಹಚ್ಚಿದ್ರು, ಅವು ಬರೋದು ಬಿಟ್ವು. ನಮ್ಮವರೂ ಹೋದ್ರು. ಆರು ವರ್ಷಾತು. ಈ ವರ್ಷ ನಾನೇ ಹಟಾ ಹಿಡದು ಕಡ್ಲಿ ಹಾಕಿಸೀನಿ, ಬಂದಾವ."

"ಈ ಜೋಳ ಅವಕ್ಕೇನು?"

"ಹೂಂ. ಬಿತ್ತಾಕ ಅಂತ ತೆಗದಿಟ್ಟ ಕಾಳು ನಮ್ಮ ಮನ್ಯಾಗ ಬೀಸೂದಿಲ್ಲ, ಮಾರೂದೂ ಇಲ್ಲ. ಉಳೀತಂದ್ರ ಹಕ್ಕಿಗೆ. ನಮ್ಮ ಅತ್ತಿ ಕಾಲದ್ದು ಈ ರೀತಿ. ಗೋದಾಮಿನ್ಯಾಗ ಎರಡು ಚೀಲ ಹಿಂದಿನ ವರ್ಷದ್ದು ಹಂಗೇ ಬಿದ್ದಿದ್ವು."

ಅವರ ಅಂಗೈ ಗುಲಾಬಿಯಾಗಿತ್ತು. ಜೋಳ ಹರವಿದ ಹಳೆಯ ಧೋತರದ ಅಂಚೂ ಗುಲಾಬಿ. ಇದೇನು ಕೆಂಪು ಎಂದು ಕೇಳಿಯೂ ಕೇಳಿದೆ. "ಬಣ್ಣ ಇತ್ತವಾ, ತೊಳದೀನಿ. ಏಳು ನೀರು ಚೆಲ್ಲೀನಿ. ಪಾವ್ಣೇರಿಗೆ ಹೊಲಸು ಕಾಳು ಇಡಾಕ ಬರ್ತದೇನು?" ಎಂದರು. ಅಷ್ಟರಲ್ಲಿ ಕೆಳಗಿನಿಂದ ನಿರ್ಮಲಾ ಚಹಾಕ್ಕೆ ಕೂಗಿದಳು. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟ ನಾನು ಆ ಮಾತು ಕೇಳಿ ತಲೆದೂಗಿ ಎದ್ದು ಹೋದೆ. ಅಡುಗೆಮನೆಯಲ್ಲಿ ಮರುದಿನದ ಭಜ್ಜಿ ಪಲ್ಯಕ್ಕೆ ಹತ್ತು ಬಗೆಯ ಸೊಪ್ಪು, ಹಸಿ ಅವರೆ, ಬಟಾಣಿ ಸೋಸಿ ಇಟ್ಟಿದ್ದರು. ನನ್ನ ಗಮನವೆಲ್ಲ ಅಲ್ಲೇ ಇತ್ತು.

ಮರುದಿನ ಎಳ್ಳಮಾಸಿ. ಬೆಳಿಗ್ಗೆ ಎಂಟಕ್ಕೆ ಹೊರಟಾಗ ನಿಲಂಗಾದ ಪೇಟೆಯಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಊರಿಗೆ ಊರೇ ಹೊಲಕ್ಕೆ ನಡೆದಿತ್ತು. ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ತಲೆಯ ಮೇಲೆ ಅಂಬಲಿಯ ಗಡಿಗೆ ಹೊತ್ತ ಹೆಂಗಸರು. ಈ ಹಬ್ಬವನ್ನು ಮರಾಠಿಯಲ್ಲಿ ಯೆಳವಸ ಎನ್ನುತ್ತಾರೆ. ಆದರೆ ಚರಗ ಚೆಲ್ಲುವಾಗ, ಭೂಮಿಗೆ ಎಡೆ ಎರಚುವಾಗ, ಮರಾಠಿ ಮನೆಯವರೂ ಕೂಗುವ ಮಾತು ಕನ್ನಡದ್ದೇ. ಅರ್ಥ ಕೇಳಿದರೆ ಯಾರಿಗೂ ಗೊತ್ತಿಲ್ಲ, ಅಜ್ಜ ಕೂಗಿದ್ದನ್ನು ಮೊಮ್ಮಗ ಕೂಗುತ್ತಾನೆ. ಹೊಲ ಏಳು ಕಿಲೋಮೀಟರ್ ದೂರ. ಚಳಿ ಬಿಟ್ಟಿರಲಿಲ್ಲ. ಜೋಳದ ದಂಟು ನಿಲ್ಲಿಸಿ ಗೂಡಿನಂತೆ ಕೊಪ್ಪಿ ಕಟ್ಟಿದ್ದರು. ಒಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಕೊಪ್ಪಿಯ ಸುತ್ತ ಬಂಧುಬಳಗ ಹದಿನೆಂಟು ಜನ. ಆಯಿ ಮಾತ್ರ ನಸುಕಿನಲ್ಲೇ ಪಕ್ಕದ ಮನೆಯವರ ಟ್ರ್ಯಾಕ್ಟರಿನಲ್ಲಿ ಬಂದು ತಮ್ಮ ಕೆಲಸ ಮುಗಿಸಿದ್ದರು. ಕಡಲೆಯ ಆಚೆಗಿನ ಖಾಲಿ ಪಟ್ಟಿಯಲ್ಲಿ ಎರಡೂ ಚೀಲ ಚೆಲ್ಲಿ ಆಗಿತ್ತು.

ಒಂಬತ್ತರ ಸುಮಾರಿಗೆ ದನಿ ಕೇಳಿತು. ದೂರದಲ್ಲಿ ಮರದ ಗಾಲಿ ತಿರುಗಿದ ಹಾಗೆ, ಕುರ್ರ್ ಕುರ್ರ್. ನೆತ್ತಿಯ ಮೇಲೆ ಸಾಲು ಹಿಡಿದು ಬಂದವು. ಉದ್ದ ಕತ್ತು, ಕರಿಯ ಎದೆ. ನಾನು ಬೆರಳು ಮಡಚುತ್ತ ಎಣಿಸಿದೆ. ಅರವತ್ತೊಂದು. ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಜನರ ಗದ್ದಲ ಕಂಡು ಅವು ಹಳ್ಳದ ಆಚೆ ಇಳಿದವು. "ಪೂಜಿ ಆಗಿ ಮಂದಿ ಊಟಕ್ಕ ಕೂಡ್ಲಿ, ಇಲ್ಲಿಗೇ ಬರ್ತಾವ ನೋಡು. ಅವಕ್ಕ ಜಾಗಾ ನೆಪ್ಪೈತಿ" ಎಂದರು ಆಯಿ. ಅವರ ಮುಖ ಮದುವೆ ಮನೆಯ ಯಜಮಾನಿಯ ಮುಖ.

ಹತ್ತಿರದಿಂದ ನೋಡಲು ಜಾಗ ಹುಡುಕುತ್ತ ನಾನು ಆ ಖಾಲಿ ಪಟ್ಟಿಯ ಬದಿಗೆ ಹೋದೆ. ಕಾಳು ಬಿದ್ದಿದ್ದವು. ಅವುಗಳ ನಡುವೆ ಒಂದು ಬೆಳವ ಕುಳಿತಿತ್ತು, ಪಾರಿವಾಳದ ಜಾತಿಯ ಸಣ್ಣ ಹಕ್ಕಿ. ಹತ್ತಿರ ಹೋದರೂ ಹಾರಲಿಲ್ಲ. ಕೊಕ್ಕು ತೆರೆದಿತ್ತು, ರೆಕ್ಕೆ ಜೋತಿತ್ತು. ಅಂಗೈಯಲ್ಲಿ ಎತ್ತಿಕೊಂಡರೆ ಮೈ ನಡುಗುತ್ತಿತ್ತು. ನಾನು ಒಂದು ಕಾಳು ಹೆಕ್ಕಿ ನೋಡಿದೆ. ಮೈ ಬಿಳಿ, ತೊಟ್ಟಿನ ಕುಳಿಯಲ್ಲಿ ಗುಲಾಬಿ ಉಳಿದಿತ್ತು. ಆಗ ತಲೆಗೆ ಹೊಳೆಯಿತು. ಅದು ಮನೆಯ ಜೋಳವಲ್ಲ, ಅಂಗಡಿಯ ಪಾಕೀಟಿನ ಬಿತ್ತನೆ ಬೀಜ. ಹುಳ ಹಿಡಿಯಬಾರದೆಂದು ವಿಷದ ಔಷಧಿ ಹಚ್ಚುತ್ತಾರೆ, ಯಾರೂ ತಿನ್ನಬಾರದೆಂದು ಬಣ್ಣ ಹಾಕುತ್ತಾರೆ. ಆಯಿ ಆ ಬಣ್ಣವನ್ನು ಹೊಲಸೆಂದು ತೊಳೆದಿದ್ದರು. ಹಿಂದಿನ ಸಂಜೆಯೇ ಅಷ್ಟೂ ನನ್ನ ಕಣ್ಣ ಮುಂದಿತ್ತು. ಥೂ ನನ್ನ ವಿದ್ಯೆಯೇ ಎನಿಸಿತು.

ಬಸಲಿಂಗಪ್ಪನವರನ್ನು ಪಕ್ಕಕ್ಕೆ ಕರೆದು ತೋರಿಸಿದೆ. ಬೀಜದ ವ್ಯಾಪಾರಿ, ಒಂದೇ ನೋಟಕ್ಕೆ ಗೊತ್ತಾಯಿತು. ಮುಖದ ವಿಭೂತಿಯೂ ಮುಖವೂ ಒಂದೇ ಬಣ್ಣವಾದವು. "ಅರೇ ದೇವಾ. ವಾಪಸ್ ಕಳಸೋ ಮಾಲು ಅದು. ಆಯಿಗೆ ತಿನ್ನಾಕ ನಡೆಂಗಿಲ್ಲ ಅಂತ ಹೇಳಿದ್ದೆ, ಹಕ್ಕಿಗೂ ನಡೆಂಗಿಲ್ಲ ಅಂತ ಹೇಳಿದ್ದಿಲ್ಲ" ಎಂದರು. ಬಂದು ಕೇಳಿಸಿಕೊಂಡ ನಿರ್ಮಲಾ ನನ್ನ ರಟ್ಟೆ ಹಿಡಿದಳು.

"ಹಬ್ಬದ ದಿನಾ ಹದಿನೆಂಟು ಮಂದಿ ಮುಂದ ಬೀಗರ ಹಿರೇ ಮನಶ್ಯಾಳಿಗೆ ನೀ ಇಕ್ಕಿದ್ದು ವಿಷ ಅಂತೀಯೇನ? ನನ್ನ ಮಗಳು ನಾಳಿ ಇದೇ ಬಳಗದಾಗ ಬಾಳ್ವೆ ಮಾಡಬೇಕು. ಸುಮ್ಮ ಹಕ್ಕಿ ಓಡಿಸಿಬಿಡು."

"ಇವತ್ತು ಓಡಿಸಿದರೆ ನಾಳೆ ಬರ್ತಾವ. ಕಾಳು ಅಲ್ಲೇ ಇರ್ತೈತಿ. ನಾ ಹೋದಮೇಲೆ ಓಡಿಸೋರು ಯಾರು?" ಎಂದೆ.

ಬಸಲಿಂಗಪ್ಪ ಕೈ ಮುಗಿದರು. "ನೀವೇ ಹೇಳ್ರಿ ಟೀಚರ್. ನನ್ನ ಬಾಯಿಲಿಂದ ಬರಂಗಿಲ್ಲ."

ನಾನು ಹೋಗಿ ಆಯಿಯ ಉಡಿಯಲ್ಲಿ ಆ ಬೆಳವವನ್ನು ಇಟ್ಟೆ. ಅವರು ಕೈಯಾಡಿಸಿದರು. ಅದು ಎರಡು ಸಲ ಕೊಕ್ಕು ತೆರೆದು ಕತ್ತು ಚೆಲ್ಲಿತು. ಏನಾಗಿದೆ ಇದಕ್ಕೆ ಎಂದರು. ನಿಮ್ಮ ಕಾಳು ತಿಂದಿದೆ ಎಂದೆ.

"ಏಳು ನೀರು ತೊಳದೀನಲ್ಲವಾ."

"ಬಣ್ಣ ಹೋಗೈತಿ ಆಯಿ. ಔಷಧ ಹೋಗಿಲ್ಲ."

ಅವರು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ತಮ್ಮ ಅಂಗೈ ನೋಡಿಕೊಂಡರು. ಅಷ್ಟರಲ್ಲಿ ಹಳ್ಳದ ಆಚೆ ಕುರ್ರ್ ಎಂದಿತು. ಸಾಲೆಲ್ಲ ಎದ್ದು ನಮ್ಮ ಕಡೆಗೇ ತಿರುಗಿತು. ಮುಂದಿದ್ದ ಮೂರು ಹಕ್ಕಿ ಕಾಲು ಇಳಿಬಿಟ್ಟು ಖಾಲಿ ಪಟ್ಟಿಯಲ್ಲಿ ಇಳಿದೇಬಿಟ್ಟವು. ಆಯಿ ಎದ್ದರು. ಪಾಂಡವರ ಮುಂದಿದ್ದ ಹಿತ್ತಾಳೆಯ ಪೂಜೆಯ ತಾಟನ್ನು ಕುಂಕುಮ, ಹೂವು ಸಮೇತ ಬೋರಲು ಹಾಕಿ, ಭಜ್ಜಿಯ ಪಾತ್ರೆಯಿಂದ ಸೌಟು ಕಿತ್ತುಕೊಂಡು ಓಡಿದರು. ಎಪ್ಪತ್ತೆಂಟರ ಕಾಲು ಹೆಂಟೆಗಳ ಮೇಲೆ ಹೇಗೆ ಓಡಿದವೋ ಶಿವನೇ ಬಲ್ಲ. ಢಣಢಣ ಬಾರಿಸುತ್ತ, "ಹೋಗ್ರೋ! ಉಣಬ್ಯಾಡ್ರೋ ನನ್ನ ಕೈಯಾಂದು! ಹೋಗ್ರಿ!" ಎಂದು ಕಿರುಚಿದರು. ಆರು ವರ್ಷ ಅವರು ದಾರಿ ಕಾದಿದ್ದ ಹಕ್ಕಿಗಳು. ಮೂರೂ ಎದ್ದವು, ಸಾಲು ಚದುರಿ ಮೇಲೆ ಒಂದು ಸುತ್ತು ಹಾಕಿ ಮಾಂಜರಾ ನದಿಯ ಕಡೆ ಹೋಯಿತು. ಆ ಮೂರು ಒಂದೆರಡು ಕಾಳಾದರೂ ಹೆಕ್ಕಿದವೋ ಇಲ್ಲವೋ, ನಾನು ಕಣ್ಣಿಟ್ಟಿದ್ದರೂ ಹೇಳಲಾರೆ.

ಆಮೇಲೆ ಹಬ್ಬ ನಿಂತಿತು, ಕೆಲಸ ಸುರುವಾಯಿತು. ಕಸಬರಿಗೆ, ಮೊರ, ಜರಡಿ, ಸಿಕ್ಕಿದ್ದು ಹಿಡಿದು ಹದಿನೆಂಟು ಜನ ಪಟ್ಟಿಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. ಇಸ್ಮಾಯಿಲ್ ತನ್ನ ಹೊಸ ಪ್ಯಾಂಟು ಮೊಣಕಾಲಿಗೆ ಮಡಚಿ ಎಲ್ಲರಿಗಿಂತ ಮುಂದಿದ್ದ. ಮೂತಿ ತಿರುವಿ ನಿಂತಿದ್ದ ನಿರ್ಮಲಾ ಕೂಡ ಹತ್ತು ನಿಮಿಷಕ್ಕೆ ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಮೂರು ಗಂಟೆಯ ತನಕ ಗುಡಿಸಿ, ಹೆಕ್ಕಿ, ಸಿಕ್ಕಷ್ಟನ್ನು ಮೂಲೆಯಲ್ಲಿ ಆಳುಮಟ್ಟದ ತಗ್ಗು ತೋಡಿ ಹೂತೆವು. ಬೆಳವವನ್ನೂ ಅಲ್ಲೇ. ಆದರೆ ಕಪ್ಪುಮಣ್ಣು ಬಿರಿದಿತ್ತು, ಬಿರುಕಿನಲ್ಲಿ ಇಳಿದ ಕಾಳು ಕೈಗೆ ಸಿಗಲಿಲ್ಲ. ಆಳವಾಗಿ ನೇಗಿಲು ಹೊಡೆದು ಮಗುಚಬೇಕು. ಅಮಾಸಿಯ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಟ್ರ್ಯಾಕ್ಟರುಗಳೂ ಎಲ್ಲ ಹಬ್ಬದಲ್ಲಿ. ನಾಡಿದ್ದು ಬರುತ್ತೇನೆಂದು ಒಬ್ಬ ಫೋನಿನಲ್ಲಿ ಒಪ್ಪಿಕೊಂಡ. ಅಲ್ಲಿಯ ತನಕ ಕಾಯಬೇಕು.

ನಾಲ್ಕಕ್ಕೆ ಊಟ. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯ ತಣ್ಣನೆಯ ಅಂಬಲಿ. ಅದಕ್ಕಿಂತ ರುಚಿಯಾದ ಊಟ ನಾನು ಆ ವರ್ಷ ಉಂಡಿರಲಿಲ್ಲ, ಆದರೂ ಅರ್ಧಕ್ಕೇ ಎದ್ದೆ. ಆಯಿ ಕೈ ತೊಳೆಯುತ್ತಲೇ ಇದ್ದರು. ಸೊಸೆ ತಾಟು ತಂದರೆ ಬೇಡವೆಂದರು.

"ಮೂರು ಇಳದಿದ್ವು" ಎಂದರು ನನಗೆ. "ತಿಂದಿದ್ರ ಯಾವಾಗ ಗೊತ್ತಾಗ್ತದ?"

"ಬೆಳಗಾಗೋದ್ರಾಗ ಗೊತ್ತಾಗ್ತೈತಿ. ರಾತ್ರಿ ನದಿಯಲ್ಲಿ ಇರ್ತಾವ. ಬೆಳಿಗ್ಗೆ ಎಣಿಸಬಹುದು."

"ನೀ ಎಣಿಸು. ನಾ ಬರ್ತೀನಿ. ಅಲ್ಲಿತನ ನಾ ಅನ್ನಾ ಮುಟ್ಟಂಗಿಲ್ಲ."

ಮೂರನೆಯ ದಿನ ಬೆಳಕು ಹರಿಯುವ ಮೊದಲೇ ಮಾಂಜರಾ ನದಿಯ ಒಡ್ಡಿನ ಹಿನ್ನೀರಿಗೆ ಹೋದೆವು. ಆಯಿ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ತಾಟು ಮತ್ತು ಸೌಟು. ನೀರಿನ ಮೇಲೆ ಮಂಜು. ಮೆಟ್ಟುಗಾಲು ಹಕ್ಕಿ, ಚಲುಕ ಬಾತು, ಚಕ್ರವಾಕ, ಎಲ್ಲ ಇದ್ದವು. ಬೇರೆ ದಿನವಾಗಿದ್ದರೆ ಒಂದೊಂದಕ್ಕೂ ಹಿಗ್ಗುತ್ತಿದ್ದೆ. ಆಚೆ ದಡದ ಮರಳಿನಲ್ಲಿ ಕರಕೋಚಗಳು ಒಂಟಿಗಾಲಿನಲ್ಲಿ ನಿಂತಿದ್ದವು. ಸೂರ್ಯ ಬರುವ ತನಕ ಕಾದು ಎಡದಿಂದ ಎಣಿಸಿದೆ. ಅರವತ್ತು. ಬಲದಿಂದ ಎಣಿಸಿದೆ. ಅರವತ್ತು.

ನನ್ನ ಎಣಿಕೆ ತಪ್ಪುವುದಿಲ್ಲವಲ್ಲ. ಆಯಿ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ದಿನ ಹೇಳಿದವಳೇ ಇವತ್ತೂ ಹೇಳಬೇಕು. "ಅರವತ್ತು" ಎಂದೆ.

ಆಯಿ ಹಾಗೇ ನೆಲಕ್ಕೆ ಕುಳಿತರು. "ಒಂದು ಹೋತು" ಎಂದರು, ಅಷ್ಟೇ.

ನಿರ್ಮಲಾ ದೂರದರ್ಶಕಕ್ಕೆ ಕಣ್ಣೂ ಇಟ್ಟವಳಲ್ಲ. ಕಾರಿನ ಬಾಗಿಲಲ್ಲಿ ಕುಳಿತು ಚಕ್ಕುಲಿ ತಿನ್ನುತ್ತ, "ಏನ ಹುಚ್ಚಿ, ಆ ಎಮ್ಮಿ ಹಿಂದ ಒಂದು ನಿಂತೈತಲ್ಲ, ಕಾಣವಲ್ಲದೇನ?" ಎಂದಳು. ಆ ಕಡೆ ನೀರಿನಂಚಿನಲ್ಲಿ ಒಂದು ಎಮ್ಮೆ ಇತ್ತು. ನಾನು ಹಕ್ಕಿಯ ಸಾಲನ್ನೇ ನೋಡುತ್ತ ಎಮ್ಮೆಯನ್ನು ಬಿಟ್ಟುಬಿಟ್ಟಿದ್ದೆ. ಎಮ್ಮೆಯ ಹೊಟ್ಟೆಯ ಕೆಳಗೆ ಎರಡು ಕರಿ ಕಾಲು ಕಂಡವು, ಎಮ್ಮೆ ಎರಡು ಹೆಜ್ಜೆ ಸರಿಯಿತು, ಹಕ್ಕಿ ಕತ್ತೆತ್ತಿ ನಿಂತಿತು. ನಾನು ಅರವತ್ತೊಂದು ಎಂದು ಶಾಲೆಯ ದನಿಯಲ್ಲಿ ಕೂಗಿದೆ. ಮೂವತ್ತು ವರ್ಷದ ಗೆಳೆತನದಲ್ಲಿ ನಿರ್ಮಲಾಳನ್ನು ಅಪ್ಪಿಕೊಂಡದ್ದು ಅದೇ ಮೊದಲು. ಬಿಡೇ, ಚಕ್ಕುಲಿ ಚೆಲ್ತು ಎಂದಳು.

ಆಯಿ ನಂಬಲಿಲ್ಲ. ಇಸ್ಮಾಯಿಲ್ ಕೈಯಲ್ಲೂ ಎಣಿಸಿಸಿದರು. ಅವನೂ ಅರವತ್ತೊಂದೇ ಎಂದ ಮೇಲೆ ಎದ್ದು, ದೂರದರ್ಶಕಕ್ಕೆ ಕಣ್ಣಿಟ್ಟರು. ಅಷ್ಟು ಹತ್ತಿರದಿಂದ ಅವರು ಆ ಹಕ್ಕಿಯನ್ನು ಕಂಡಿರಲಿಲ್ಲ.

"ಕಣ್ಣು ಕೆಂಪದಾವ" ಎಂದರು. ಆಮೇಲೆ, "ಕಿವಿ ಕಡಿಲಿಂದ ಬಿಳೀ ಕೂದಲಾ ಇಳೀಬಿಟ್ಟಾವ ನೋಡು. ನಮ್ಮವರಿಗೂ ಕಿವ್ಯಾಗ ಹಿಂಗೇ ಇತ್ತು. ಕತ್ತರಸ್ಕೋರಿ ಅಂದ್ರ ಕತ್ತರಸ್ಕೋತಿದ್ದಿಲ್ಲ." ನಗುತ್ತ ಹೇಳಿದರು, ಹೇಳುತ್ತಲೇ ಅತ್ತರು. ಹಿಂದಿನ ದಿನ ಬಾರದ ಅಳು ಆಗ ಬಂತು. ನಿರ್ಮಲಾ ಚಕ್ಕುಲಿಯ ಡಬ್ಬಿ ಮುಂದೆ ಹಿಡಿದಳು, ಒಂದು ತೆಗೆದುಕೊಂಡು ತಿಂದರು.

ತಿನ್ನುತ್ತಿರುವಾಗಲೇ ಹಕ್ಕಿಗಳು ಎದ್ದವು. ಒಂದೇ ಸಾಲು, ಹೊಲದ ದಿಕ್ಕಿಗೆ. ಆಯಿ ಚಕ್ಕುಲಿ ಬಾಯಲ್ಲಿಟ್ಟುಕೊಂಡೇ ಕಾರಿಗೆ ಓಡಿದರು. "ಹೊಡಿಯಪ್ಪಾ ಇಸ್ಮಾಯಿಲ್, ಹೊಡಿ! ಅವಕ್ಕಿಂತ ಮುಂದ ನಾ ಹೋಗಬೇಕು!" ಇಸ್ಮಾಯಿಲ್ ತಗ್ಗುದಿನ್ನೆ ನೋಡದೆ ಹೊಡೆದ. ಹೊಲದ ಬದುವಿನಲ್ಲಿ ಇಳಿಸಿದಾಗ ಸಾಲು ಇನ್ನೂ ಹಳ್ಳದ ಆಚೆ ಇತ್ತು. ಆಯಿ 'ಹೋಗಿ ಬರ್ರಿ' ಎಂದೂ ಹೇಳಲಿಲ್ಲ, ತಾಟು ಹಿಡಿದು ಹೊಲದೊಳಗೆ ನಡೆದರು.

ನಿಲಂಗಾದಲ್ಲಿ ಸಾಮಾನು ಎತ್ತಿಕೊಂಡು ಉಮರ್ಗಾದ ಕಡೆ ಹೊರಟೆವು. ದಾರಿಯಲ್ಲಿ ಸಾಸ್ತೂರದ ಹತ್ತಿರದ ತೇರಣಾ ಹಿನ್ನೀರು ನೋಡಬೇಕೆಂದು ಮೊದಲೇ ಬರೆದುಕೊಂಡಿದ್ದೆ, ನೋಡಿದೆ. ಸಾಸ್ತೂರು ತೊಂಬತ್ಮೂರರ ಭೂಕಂಪದ ನಂತರ ಕಟ್ಟಿದ ಊರು, ನೆಟ್ಟಗಿನ ಬೀದಿಗಳು, ಒಂದೇ ಅಳತೆಯ ಮನೆಗಳು, ಈಗ ಪ್ರತಿ ಮನೆಯ ಮುಂದೂ ಎತ್ತರದ ಬೇವು. ಅಲ್ಲಿ ಮಿಸಳ್ ತಿಂದೆವು, ಪ್ಲೇಟಿಗೆ ನಲವತ್ತು. ಹಿನ್ನೀರಿನಲ್ಲಿ ಸೂಜಿಬಾಲದ ಬಾತು ಸುಮಾರು ಇನ್ನೂರು. ಸುಮಾರು ಎಂದೇ ಬರೆದುಕೊಂಡೆ, ಎಣಿಸುವ ಉಮೇದು ಇರಲಿಲ್ಲ.

ಉಮರ್ಗಾದಲ್ಲಿ ಇಸ್ಮಾಯಿಲ್ ನಮ್ಮನ್ನು ಬಸ್ಸಿಗೆ ಹತ್ತಿಸಿ, ಲೆಕ್ಕ ತೀರಿಸಿಕೊಂಡು, ಮುಂದಿನ ಸಲ ಚಂದ್ರ ಇದ್ದಾಗ ಬರ್ರಿ ಎಂದು ಹೋದ. ಕಲಬುರಗಿಯ ಬಸ್ಸು, ಆಳಂದದ ಮೇಲೆ, ಮಧ್ಯಾಹ್ನ ಎರಡೂವರೆ. ಕಿಟಕಿಯ ಸೀಟು ಸಿಕ್ಕಿತು. ಬಸ್ಸು ಊರು ಬಿಟ್ಟ ಮೇಲೆ ಬಸಲಿಂಗಪ್ಪನವರ ಫೋನ್ ಬಂತು.

"ಮುಟ್ಟಿದ್ರೇನ್ರೀ ಟೀಚರ್? ಆಯಿ ಇನ್ನಾ ಹೊಲದಾಗೇ ಕುಂತಾಳ. ನಾಳಿ ಟ್ರ್ಯಾಕ್ಟರ್ ಬರೋತನ ಏಳಂಗಿಲ್ಲಂತ. ಊಟಾ ಇಲ್ಲಿಗೇ ತಂದೀವಿ, ಉಂಡಾಳ. ನಿಮ್ಮ ಕೂಡ ಮಾತಾಡ್ತಾಳಂತ, ತಡೀರಿ."

ಆಯಿ ಫೋನ್ ತೆಗೆದುಕೊಂಡರು. ಏದುಸಿರು ಕೇಳುತ್ತಿತ್ತು. "ಬೆಳಗಿಂದ ನಾಕು ಸಲ ಬಂದ್ವು ನೋಡವಾ. ನಾಕು ಸಲಾನೂ ಓಡಿಸೀನಿ. ಮನಿಗೆ ಬಂದವರನ್ನ ಬಡದು ಓಡ್ಸೋ ಪಾಳಿ ಬಂತು ನನಗ. ಸಿಟ್ಟು ಮಾಡ್ಕೋತಾವೇನ?"

"ಇಲ್ಲ ಆಯಿ. ಮುಂದಿನ ವರ್ಷ ಬರ್ತಾವ."

"ನಾ ಇರ್ತೀನೋ ಇಲ್ಲೋ..." ಎನ್ನುತ್ತಿದ್ದವರು ತಟ್ಟನೆ, "ತಡೀ ತಡೀ, ಬಂದ್ವು!" ಎಂದರು.

ಫೋನನ್ನು ಹೆಂಟೆಯ ಮೇಲೆ ಇಟ್ಟರೋ ಎಸೆದರೋ, ಮಣ್ಣು ಕರಕರ ಎಂದಿತು. ಕರೆ ಕಟ್ ಆಗಲಿಲ್ಲ. ತಾಟಿನ ಢಣಢಣ, ಅದರ ಮೇಲೆ ಕುರ್ರ್ ಕುರ್ರ್, ಅದರ ಮೇಲೆ ಅವರ ದನಿ. "ಹೋಗ್ರೆಪ್ಪಾ, ಈ ಸಲ ಹೋಗ್ರಿ! ಮುಂದಿನ ಸಲ ಬರ್ರಿ, ನಾ ಇರ್ತೀನಿ! ಇರ್ತೀನಿ, ಬರ್ರಿ!"

ನಾನು ಕಿವಿಯಿಂದ ತೆಗೆಯಲಿಲ್ಲ. ಏನಂತೆ ಎಂದು ನಿರ್ಮಲಾ ಕೇಳಿದಳು, ಫೋನ್ ಅವಳ ಕಿವಿಗೂ ಹಿಡಿದೆ. ಇಬ್ಬರೂ ತಲೆಗೆ ತಲೆ ಹಚ್ಚಿಕೊಂಡು ಕೇಳುತ್ತ ಕುಳಿತೆವು. ಬಸ್ಸು ಗಡಿಯ ಚೆಕ್‌ಪೋಸ್ಟ್ ದಾಟುವಾಗ ಸಿಗ್ನಲ್ ಹೋಯಿತು. ಅಲ್ಲಿಯ ತನಕ ಆಯಿ ಬಾರಿಸುತ್ತಲೇ ಇದ್ದರು.